ಜ್ವರ ಬಂದುಹೋದವರ ಪಟ್ಟಿ

ಸ್ಟೋರ್ ರೂಮಿನ ತಗಡಿನ ಬಾಗಿಲ ಮೇಲೆ ಆ ಪಟ್ಟಿಯನ್ನು ಬರೆದವನು ಸಿದ್ರಾಮನೇ. ಹಲಗೆಗಳಿಗೆ ನಂಬರು ಹಾಕಲು ತಂದಿದ್ದ ಬಿಳಿ ಬಣ್ಣದಲ್ಲಿ ಬ್ರಷ್ಷು ಅದ್ದಿ, ಮೇಲೆ ‘ಡೆಂಗ್ಯೂ ಬಂದು ಹೋದವರು’ ಎಂದು ಬರೆದು, ಕೆಳಗೊಂದು ಗೀಟು ಎಳೆದ. ಗೀಟಿನ ಕೆಳಗೆ ಮೊದಲ ಹೆಸರು ಸಂಗಣ್ಣನದು, ಅವನ ತಂಗಿಯ ಗಂಡ. ಅಕ್ಷರಗಳು ದುಂಡಗೆ ಚೆನ್ನಾಗಿದ್ದವು. ಊರಿನ ಹೈಸ್ಕೂಲಿನಲ್ಲಿ ಬೋರ್ಡಿನ ಮೇಲೆ ತಾರೀಖು, ಹಾಜರಾತಿ ಬರೆಯಲು ಮಾಸ್ತರರು ಅವನನ್ನೇ ಕರೆಯುತ್ತಿದ್ದರು.

ಆ ಪಟ್ಟಿಯನ್ನು ಅವನು ಬರೆದದ್ದು ಜನರನ್ನು ಉಳಿಸಲು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಅವನೇ ಇದನ್ನು ನಂಬದಾದ.

೨೦೧೩ರ ಮಳೆಗಾಲ. ವೈಟ್‌ಫೀಲ್ಡ್ ದಾಟಿ ಕಾಡುಗೋಡಿಯ ಆಚೆ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಏಳುತ್ತಿತ್ತು. ಒಂಬತ್ತನೆಯ ಮಹಡಿಯ ತನಕ ಬಂದಿತ್ತು. ನೆಲದೊಳಗೆ ಕಾರು ನಿಲ್ಲಿಸಲು ಎರಡು ಅಂತಸ್ತಿನ ಬೇಸ್‌ಮೆಂಟು. ಕೆಲಸದವರೆಲ್ಲ ಮುದ್ದೇಬಿಹಾಳ, ಸುರಪುರದ ಕಡೆಯವರು, ನಲವತ್ತು ಮಂದಿ, ಕಾಂಪೌಂಡಿಗೆ ಒತ್ತಿ ಕಟ್ಟಿದ ತಗಡಿನ ಶೆಡ್ಡುಗಳಲ್ಲಿ ಇದ್ದರು. ಸಿದ್ರಾಮ ಅವರ ಮೇಸ್ತ್ರಿ. ಇಪ್ಪತ್ತೊಂಬತ್ತು ವರ್ಷ. ಅವನಿಗಿಂತ ದೊಡ್ಡವರು ಗುಂಪಿನಲ್ಲಿ ಬೇಕಾದಷ್ಟಿದ್ದರು, ಆದರೆ ಎಂಜಿನಿಯರ್ ದೇವರಾಜ್ ಹೇಳಿದ ಇಂಗ್ಲಿಷು ಬೆರೆತ ಮಾತನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳುತ್ತಿದ್ದವನು ಇವನೊಬ್ಬ.

ಅವನ ಧೈರ್ಯಕ್ಕೆ ಒಂದು ಹಿಂದಿನ ಕಥೆ ಇತ್ತು. ಹತ್ತು ವರ್ಷದವನಿದ್ದಾಗ ಊರಲ್ಲಿ ಅಮ್ಮ ಬಂದಿತ್ತು, ಮೈಮೇಲೆ ನೀರುಗುಳ್ಳೆ ಏಳುವುದು, ಆಸ್ಪತ್ರೆಯವರು ಚಿಕನ್ ಪಾಕ್ಸ್ ಎನ್ನುವುದು. ತಂಗಿ ಮಹಾದೇವಿಗೆ ಆಗ ಆರು ವರ್ಷ. ಅವಳಿಗೆ ಗುಳ್ಳೆ ಕಾಣಿಸಿದ ದಿನ ಅಜ್ಜಿ ಚನ್ನಕ್ಕ ಮನೆಯ ಮಂದಿಯನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಳು. ಅಂಗಿ ಬಿಚ್ಚಿಸಿ, ಬಿಸಿಲಿಗೆ ತಿರುಗಿಸಿ, ಹಳೆಯ ಕಲೆ ಇದೆಯೋ ಇಲ್ಲವೋ ಎಂದು ಬೆರಳಿನಿಂದ ಸವರಿ ನೋಡಿದಳು. ಕಲೆ ಇದ್ದವರು ಒಳಗೆ, ಇಲ್ಲದವರು ಚಿಕ್ಕಪ್ಪನ ಮನೆಗೆ. ಸಿದ್ರಾಮನ ಎಡಹುಬ್ಬಿನ ಮೇಲೆ ಜೋಳದ ಕಾಳಿನಷ್ಟು ತಗ್ಗು ಇತ್ತು. ಹನ್ನೊಂದು ದಿನ ಅವನು ತಂಗಿಯ ಪಕ್ಕದಲ್ಲಿ ಬೇವಿನ ಸೊಪ್ಪು ಹಿಡಿದು ಕೂತ. ಅವಳು ಕೆರೆದುಕೊಳ್ಳಲು ಹೋದಾಗ ಕೈ ಹಿಡಿದ, ಅಂಬಲಿ ಕುಡಿಸಿದ, ಅವಳ ಎಂಜಲು ಗಂಗಾಳದಲ್ಲೇ ಉಂಡ. ಅವನಿಗೆ ಏನೂ ಆಗಲಿಲ್ಲ. ಒಮ್ಮೆ ಬಂದುಹೋದದ್ದನ್ನು ಮೈ ಮರೆಯುವುದಿಲ್ಲ ಎಂದು ಅಜ್ಜಿ ಹೇಳಿದಳು. ಮಾಸ್ತರರು ಹೇಳಿದ್ದನ್ನು ಮರೆತರೂ ಇದನ್ನು ಸಿದ್ರಾಮ ಮರೆಯಲಿಲ್ಲ.

೨೦೧೩ರ ಮಾರ್ಚಿನಲ್ಲಿ ಶೆಡ್ಡಿಗೂ ಅಮ್ಮ ಬಂತು. ಎರಡು ದಿನದಲ್ಲಿ ಮೂರು ಮಂದಿ ಮಲಗಿದರು. ದೇವರಾಜ್ ಹೆದರಿ ಸೈಟು ಮುಚ್ಚಿಸುವ ಮಾತಾಡಿದ. ಸಿದ್ರಾಮ ಅಜ್ಜಿ ಮಾಡಿದ್ದನ್ನೇ ಮಾಡಿದ. ಬೆಳಗ್ಗೆ ಎಲ್ಲರ ಅಂಗಿ ಬಿಚ್ಚಿಸಿ ಕಲೆ ಹುಡುಕಿದ, ಹೆಂಗಸರನ್ನು ಮಹಾದೇವಿ ನೋಡಿದಳು. ಕಲೆ ಇದ್ದ ಐದು ಮಂದಿಗೆ ಮಾತ್ರ ಕಾಯಿಲೆಯವರ ಶೆಡ್ಡಿಗೆ ಹೋಗಲು ಬಿಟ್ಟ. ಊಟ, ನೀರು, ಬಟ್ಟೆ ಎಲ್ಲ ಅವರದೇ ಕೆಲಸ. ಆಮೇಲೆ ಇನ್ನೊಬ್ಬನಿಗೆ ಬಂತು, ಅಷ್ಟಕ್ಕೆ ನಿಂತಿತು. ಒಳಗೆ ಹೋಗಿ ಬಂದ ಐವರಲ್ಲಿ ಒಬ್ಬರ ಮೈಯೂ ಬಿಸಿಯಾಗಲಿಲ್ಲ. ದೇವರಾಜ್ ಎಲ್ಲರೆದುರು ಅವನ ಬೆನ್ನು ತಟ್ಟಿ, ಡಾಕ್ಟ್ರಿಗೂ ಹೊಳೀದೇ ಇರೋ ಸಿಸ್ಟಂ ಕಣಯ್ಯಾ ನಿಂದು ಎಂದ. ಸಿದ್ರಾಮ ಅವತ್ತು ಹುಬ್ಬಿನ ಮೇಲಿನ ತಗ್ಗನ್ನು ಎರಡು ಮೂರು ಸಲ ಮುಟ್ಟಿ ನೋಡಿಕೊಂಡ.

ಜೂನಿನಲ್ಲಿ ಮಳೆ ಹಿಡಿಯಿತು. ಕೆಳಗಿನ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಎರಡು ಪಂಪು ಇಟ್ಟರೂ ಅವುಗಳ ಬಾಯಿಗೆ ಸಿಮೆಂಟಿನ ಚೀಲ, ಮರದ ಚೂರು ಬಂದು ಕಟ್ಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಿ ಪೈಪು ಜರುಗಿಸಲು ಒಬ್ಬ ಹಗಲೆಲ್ಲ ಅಲ್ಲೇ ಇರಬೇಕು. ಮಳೆಯ ನೀರು ತಿಳಿಯಾಗಿತ್ತು, ಬಗ್ಗಿ ನೋಡಿದರೆ ತಳದ ಕಬ್ಬಿಣ ಕಾಣುತ್ತಿತ್ತು. ಆ ತಿಳಿನೀರಿನಲ್ಲೇ ಸೊಳ್ಳೆ ಹುಟ್ಟುತ್ತದೆ, ಕಾಲಿಗೆ ಬಿಳಿ ಪಟ್ಟಿ ಇರುವ, ಹಗಲಲ್ಲಿ ಕಚ್ಚುವ ಸೊಳ್ಳೆ, ಎಂದು ಆರೋಗ್ಯ ಇಲಾಖೆಯವರು ಬಂದು ಹೇಳಿ, ಹೊಗೆ ಬಿಟ್ಟು, ಒಂದು ಪೋಸ್ಟರು ಅಂಟಿಸಿ ಹೋದರು. ಅಷ್ಟರಲ್ಲಿ ಪಂಪಿನ ಹತ್ತಿರ ಪಾಳಿಯ ಮೇಲೆ ಇದ್ದ ಇಬ್ಬರೂ ಜ್ವರ ಹಿಡಿದು ಊರಿಗೆ ಹೋಗಿದ್ದರು. ಮಹಾದೇವಿಗೂ ಬಂತು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಅಂತ ಬಂತು. ಎಂಟು ದಿನ ಮಲಗಿ, ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡಳು, ಜ್ವರ ಬಿಟ್ಟರೂ ಸುಸ್ತಿಗೆ ಇನ್ನೂ ಕೆಲವು ದಿನ ಹಾಸಿಗೆಯಲ್ಲೇ ಇದ್ದಳು. ಮುದಕಪ್ಪ ಎಂಬ ಗಾರೆಯವನಿಗೂ ಹಾಗೇ ಬಂದು ಹೋಯಿತು. ಬೇಸ್‌ಮೆಂಟಿಗೆ ಇಳಿಯಲು ಆಮೇಲೆ ಯಾರೂ ಒಪ್ಪಲಿಲ್ಲ.

ಇಳಿಯದೆ ವಿಧಿಯಿರಲಿಲ್ಲ. ನೀರು ಹೆಚ್ಚಿದರೆ ಮಣ್ಣಿನ ಗೋಡೆ ಕುಸಿದು ಶೆಡ್ಡುಗಳೇ ಒಳಗೆ ಜಾರುತ್ತಿದ್ದವು. ಸಿದ್ರಾಮ ಒಂದು ರಾತ್ರಿ ಯೋಚಿಸಿ ಬೆಳಗ್ಗೆ ಪಟ್ಟಿ ಬರೆದ. ಒಮ್ಮೆ ಬಂದು ಹೋದವರು ಮಾತ್ರ ಕೆಳಗೆ ಇಳಿಯಬೇಕು. ಅಮ್ಮನ ಹಾಗೆ ಇದಕ್ಕೆ ಕಲೆ ಇರುವುದಿಲ್ಲವಲ್ಲ, ಅದಕ್ಕೆ ಕಾಗದ ಕೇಳಿದ. ನನಗೂ ಬಂದಿತ್ತು ಎಂದವರಲ್ಲಿ ಹೆಚ್ಚಿನವರಿಗೆ ಬಂದದ್ದು ಟೈಫಾಯಿಡೋ ಮತ್ತೊಂದೋ. ಕಾಗದ ಇದ್ದವರು ಮೂವರೇ. ಮಹಾದೇವಿ, ಮುದಕಪ್ಪ, ಸಂಗಣ್ಣ.

ಸಂಗಣ್ಣನ ಕಾಗದ ಎರಡು ವರ್ಷ ಹಳೆಯದು. ಆಗ ಅವನು ಪೀಣ್ಯದಲ್ಲಿ ಲೇತ್ ಮಷೀನಿನ ಶಾಪಿನಲ್ಲಿದ್ದ. ಡೆಂಗ್ಯೂ ಆಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದವನು ಬಿಡುಗಡೆಯ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದ. ಅವನ ಬದುಕಿನಲ್ಲಿ ಇಂಗ್ಲಿಷಿನಲ್ಲಿ ಅವನ ಹೆಸರು ಟೈಪಾಗಿದ್ದ ಕಾಗದ ಅದೊಂದೇ. ಅದನ್ನು ತಂದು ತೋರಿಸು ಎಂದಾಗ ಖುಷಿಯಿಂದಲೇ ತಂದ. ಯಾಕೆ ಎಂದು ತಿಳಿದ ಮೇಲೆ ಮುಖ ಇಳಿಯಿತು.

“ಬ್ಯಾಡೋ ಮೇಸ್ತ್ರಿ,” ಎಂದ. ಅವನು ಸಿದ್ರಾಮನಿಗಿಂತ ಮೂರು ವರ್ಷ ದೊಡ್ಡವನು, ಸೋದರತ್ತೆಯ ಮಗ, ಮೇಸ್ತ್ರಿ ಎಂದು ಕರೆಯುತ್ತಿದ್ದದ್ದು ಚೇಷ್ಟೆಗೆ. “ಆವಾಗ ನನ್ನ ಎಲುಬು ಒಂದೊಂದ ಮುರದು ಜೋಡಿಸಿಧಂಗ ಆಗಿತ್ತು. ಇನ್ನೊಮ್ಮೆ ನನ್ನ ಕೈಲೆ ಆಗಂಗಿಲ್ಲ.”

“ಇನ್ನೊಮ್ಮೆ ಬರಂಗಿಲ್ಲ ಮಾಮಾ. ಅದಕ್ಕ ನಿನ್ನ ಕರದದ್ದು.”

“ಅದು ಸೊಳ್ಳಿಗೆ ಗೊತ್ತೈತೇನು?”

“ಸೊಳ್ಳಿಗೆ ಯಾಕ ಗೊತ್ತಿರಬೇಕು? ನಿನ್ನ ಮೈಗೆ ಗೊತ್ತಿದ್ರ ಸಾಕು.”

ಸುತ್ತಲಿದ್ದವರು ನಕ್ಕರು. ಸಂಗಣ್ಣನೂ ನಕ್ಕ. ಮಾರ್ಚಿನಲ್ಲಿ ಇವನ ಮಾತು ನಿಜವಾದದ್ದನ್ನು ಅವನೂ ನೋಡಿದ್ದ. ಕವರನ್ನು ಮಡಿಸಿ ಜೇಬಿಗೆ ಇಟ್ಟುಕೊಂಡು, ಪ್ಯಾಂಟು ಮೊಣಕಾಲ ಮೇಲೆ ಮಡಿಚಿ, ಇಳಿಜಾರಿನಲ್ಲಿ ಇಳಿದು ಹೋದ.

ಸಿದ್ರಾಮ ಮಾಡಿದ್ದು ಅಷ್ಟೇ ಅಲ್ಲ. ಮೊದಲು ಪಂಪಿನವರಿಗೆ ದಿನಕ್ಕೆ ಎರಡು ಸೊಳ್ಳೆಬತ್ತಿ, ಮೈಗೆ ಹಚ್ಚುವ ಮುಲಾಮು ಕೊಡುತ್ತಿದ್ದ. ಸಂಗಣ್ಣ ಇಳಿದ ಮೇಲೆ ಅದನ್ನು ನಿಲ್ಲಿಸಿ ಶೆಡ್ಡಿನ ಮಕ್ಕಳಿರುವವರಿಗೆ ಹಂಚಿದ. ಬಂದು ಹೋದವನಿಗೆ ಯಾಕೆ ಬತ್ತಿ? ಲೆಕ್ಕ ಸರಿಯಾಗಿತ್ತು. ದೇವರಾಜ್ ಪಟ್ಟಿಯನ್ನು ನೋಡಿ ತಲೆದೂಗಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡ.

ಹನ್ನೆರಡನೆಯ ದಿನ ಸಂಗಣ್ಣನ ಮೈ ಬಿಸಿಯಾಯಿತು.

ಆ ಸಂಜೆ ಮಹಾದೇವಿ ಬಂದು, ಅವರಿಗೆ ಕಣ್ಣಿನ ಹಿಂದೆ ನೋವಂತೆ, ಸೊಂಟ ಹಿಡಿದಿದೆಯಂತೆ, ತನಗೆ ಆದ ಹಾಗೇ ಆಗುತ್ತಿದೆ ಎಂದಳು. ಸಿದ್ರಾಮ ಹೋಗಿ ಹಣೆ ಮುಟ್ಟಿ ನೋಡಿದ. ದಿನವಿಡೀ ನೀರಲ್ಲಿ ನಿಂತರೆ ಜ್ವರ ಬಾರದೆ ಇರುತ್ತದೆಯೇ, ಇದು ಥಂಡಿ ಜ್ವರ ಎಂದ. ರಕ್ತ ಪರೀಕ್ಷೆ ಮಾಡಿಸೋಣವೇ ಎಂದಳು. ಬಂದು ಹೋದದ್ದಕ್ಕೆ ಯಾರು ಪರೀಕ್ಷೆ ಮಾಡಿಸುತ್ತಾರೆ ಎಂದು ಅವನು ಬೈದ ಹಾಗೆ ಹೇಳಿದ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟ. ಅವನು ಹಟ ಮಾಡಿದ್ದಲ್ಲ. ಅವನಿಗೆ ಖಂಡಿತ ಗೊತ್ತಿತ್ತು. ಖಂಡಿತ ಗೊತ್ತಿರುವವನ ಜೊತೆ ವಾದ ಮಾಡುವುದು ಕಷ್ಟ, ಮಹಾದೇವಿ ಆ ಮಾತ್ರೆಯನ್ನೇ ಗಂಡನಿಗೆ ನುಂಗಿಸಿದಳು.

ನಾಲ್ಕನೆಯ ದಿನ ಬೆಳಗ್ಗೆ ಜ್ವರ ಇಳಿಯಿತು. ನೋಡಿದೆಯಾ ಎಂದು ಸಿದ್ರಾಮ ತಂಗಿಗೆ ಹೇಳಿದ. ಸಂಗಣ್ಣ ಎದ್ದು ಕೂತು ಎರಡು ತುತ್ತು ಅನ್ನ ತಿಂದ. ಮಧ್ಯಾಹ್ನ ತಿಂದದ್ದೆಲ್ಲ ವಾಂತಿ ಮಾಡಿದ. ಹೊಟ್ಟೆ ನೋವು ಎಂದ. ಸಂಜೆಯ ಹೊತ್ತಿಗೆ ಅವನ ಕೈ ಕಾಲು ತಣ್ಣಗಾಗಿದ್ದವು, ಜ್ವರ ಬಿಟ್ಟ ತಣ್ಣಗಲ್ಲ, ಬೇರೆ. ಬಾಯಿ ಮುಕ್ಕಳಿಸಿದಾಗ ಉಗುಳು ಕೆಂಪಗಿತ್ತು. ಮಹಾದೇವಿ ಯಾರನ್ನೂ ಕೇಳಲಿಲ್ಲ. ಹೊರಗೆ ಓಡಿಹೋಗಿ ಆಟೋ ನಿಲ್ಲಿಸಿದಳು. ಸಿದ್ರಾಮ ಅವನನ್ನು ಎತ್ತಿಕೊಂಡು ಬಂದ. ಹೊರಡುವಾಗ ಟ್ರಂಕು ತೆಗೆದು ಪ್ಲಾಸ್ಟಿಕ್ ಕವರನ್ನೂ ಹಿಡಿದುಕೊಂಡ. ಡಾಕ್ಟರು ಸುಮ್ಮನೆ ಡೆಂಗ್ಯೂ ಎಂದು ಬರೆದು ತಪ್ಪು ಔಷಧಿ ಕೊಟ್ಟಾರು ಎಂಬ ಯೋಚನೆ ಅವನಿಗೆ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬಿಬ್ಬರಿದ್ದರು. ಸಂಗಣ್ಣನನ್ನು ನೋಡಿದ ಕೂಡಲೇ ನರ್ಸು ಅವನನ್ನು ಅಲ್ಲಿ ಮಲಗಿಸದೆ ಒಳಗೆ ಕರೆದೊಯ್ದಳು. ಅರ್ಧ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು. ನಿದ್ದೆಯಿಲ್ಲದ ಕಣ್ಣಿನ, ಮಾತಿನಲ್ಲಿ ಅವಸರವಿದ್ದ ನಡುವಯಸ್ಸಿನ ಹೆಂಗಸು. ಕೋಟಿನ ಮೇಲೆ ಜ್ಯೋತಿಲಕ್ಷ್ಮಿ ಎಂದು ಹೆಸರಿತ್ತು. ಮಹಾದೇವಿಯನ್ನು ನರ್ಸು ಸಹಿಗೆ ಕರೆದಿದ್ದಳು. ಸಿದ್ರಾಮನೊಬ್ಬನೇ ಇದ್ದ.

“ಮೇಡಂ, ಇದು ಡೆಂಗ್ಯೂ ಅಲ್ರಿ,” ಎಂದು ಅವನು ಕವರನ್ನು ಮುಂದೆ ಹಿಡಿದ. “ಅವಗ ಅದು ಆಗಿ ಹೋಗೇತ್ರಿ. ಕಾಗದ ಐತ್ರಿ.”

ಡಾಕ್ಟರು ಕಾಗದ ತೆಗೆದು ತಾರೀಖು ನೋಡಿದರು. ಮತ್ತೆ ಓದಿದರು. ಜ್ವರ ಬಂದು ಎಷ್ಟು ದಿನವಾಯಿತು, ಎಲ್ಲಿ ಕೆಲಸ ಮಾಡುತ್ತಿದ್ದ ಎಂದು ಕೇಳಿದರು. ಅವನು ಹೇಳಿದ. ಪಟ್ಟಿಯ ಸಂಗತಿಯನ್ನೂ ಹೇಳಿದ, ಸ್ವಲ್ಪ ಹೆಮ್ಮೆಯಿಂದಲೇ, ಇವರಿಗಾದರೂ ಅರ್ಥವಾಗುತ್ತದೆ ಎಂದುಕೊಂಡು. ಮಾರ್ಚಿನ ಅಮ್ಮನ ಕಥೆಯೂ ಬಂತು.

ಡಾಕ್ಟರು ಬೆಂಚಿನ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಬಹಳ ಸಲ ಅನಿಸಿತು.

“ಅಮ್ಮನ ವಿಷಯದಲ್ಲಿ ನಿಮ್ಮಜ್ಜಿ ಹೇಳಿದ್ದು ಸರಿ ಕಣಪ್ಪಾ. ಅದು ಒಂದೇ ಥರ. ಮೈ ಅದನ್ನ ನಲವತ್ತು ವರ್ಷ ಆದ್ರೂ ಗುರುತು ಹಿಡಿಯುತ್ತೆ, ಬಂದ್ರೆ ಬಾಗಿಲಲ್ಲೇ ಹೊಡೆದು ಹಾಕುತ್ತೆ. ಡೆಂಗ್ಯೂ ನಾಲ್ಕು ಥರ ಇದೆ. ನೋಡೋಕೆ ಅಣ್ಣತಮ್ಮಂದಿರ ಹಾಗೆ. ಪೀಣ್ಯದಲ್ಲಿ ಇವನಿಗೆ ಬಂದಿದ್ದು ಒಂದು. ಅದು ಇವನಿಗೆ ಮತ್ತೆ ಬರಲ್ಲ. ಈಗ ಬಂದಿರೋದು ಬೇರೆ.”

“ಬೇರೆ ಆದ್ರೂ ಮೈಗೆ ಸ್ವಲ್ಪರ ಗೊತ್ತಿರತೈತಲ್ರಿ?”

“ಅದೇ ಕಷ್ಟ ಆಗಿರೋದು. ಅರ್ಧ ಗೊತ್ತು. ಮೈ ಇದನ್ನ ಹಳೇದೇ ಅಂದ್ಕೊಂಡು ಹಿಡ್ಕೊಳ್ಳುತ್ತೆ. ಹಿಡ್ಕೊಳ್ಳುತ್ತೆ, ಕೊಲ್ಲಕ್ಕಾಗಲ್ಲ. ಹಿಡ್ಕೊಂಡು ತಾನೇ ಜೀವಕೋಶದ ಒಳಗೆ ಬಿಟ್ಕೊಳ್ಳುತ್ತೆ. ಅಲ್ಲಿ ಅದು ಒಂದಕ್ಕೆ ನೂರಾಗಿ ಬೆಳೆಯುತ್ತೆ. ಎಲ್ಲರಿಗೂ ಹೀಗಾಗಲ್ಲ, ಎಷ್ಟೋ ಜನಕ್ಕೆ ಎರಡನೇ ಸಲಾನೂ ಸುಮ್ನೆ ಬಂದು ಹೋಗುತ್ತೆ. ಆದ್ರೆ ಹೀಗೆ ರಕ್ತನಾಳ ಸೋರೋ ಮಟ್ಟಕ್ಕೆ ಬರೋರಲ್ಲಿ ಜಾಸ್ತಿ ಜನ ಇಂಥವರೇ.”

“ಹಂಗಾರ ಒಮ್ಮೆ ಆದವರನ್ನ...”

“ಅವರನ್ನೇ ಮೊದಲು ಸೊಳ್ಳೆಯಿಂದ ದೂರ ಇಡಬೇಕಿತ್ತು,” ಎಂದು ಡಾಕ್ಟರು ಎದ್ದರು. “ಈ ಕಾಗದ ಮೊದಲನೇ ದಿನ ನಮ್ಮ ಕೈಗೆ ಬಂದಿದ್ರೆ ಉಪಯೋಗ ಇತ್ತು. ನಾಳೆ, ನಾಡಿದ್ದು ದಾಟಿದ್ರೆ ಉಳೀತಾನೆ.”

ಕವರನ್ನು ಅವನ ಕೈಗೆ ವಾಪಸ್ಸು ಕೊಟ್ಟು ಒಳಗೆ ಹೋದರು.

ಮಹಾದೇವಿ ಬಂದಾಗ ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಡೆಂಗ್ಯೂ ಅಂತೆ ಎಂದಳು. ಹೌದು ಎಂದ. ಆಗಿ ಹೋದವರಿಗೆ ಹೆಂಗ ಬಂತು ಎಂದಳು. ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ಲ ಎಂದ. ಆಮೇಲೆ ಕೇಳಿದಳು:

“ಪಂಪಿಗೆ ಇವ್ರನ್ನ ಹಾಕಿದ್ದು ಯಾರಣ್ಣಾ? ನಾ ಆವಾಗ ಇನ್ನೂ ಹಾಸಗ್ಯಾಗಿದ್ದೆ, ನನಗ ಏನೂ ತಿಳೀಲಿಲ್ಲ.”

“ಎಂಜಿನಿಯರ್,” ಎಂದ ಸಿದ್ರಾಮ.

ಮಾತು ಬಾಯಿಂದ ಬಿದ್ದ ಮೇಲೆ ತೆಗೆದುಕೊಳ್ಳಲು ನೋಡಿದ. ಆಗಲಿಲ್ಲ. ಅವಳು ದೇವರಾಜನನ್ನು ಬೈಯುತ್ತಿದ್ದಳು. ಅವನು ಕೇಳಿಸಿಕೊಂಡ.

ರಾತ್ರಿಯೆಲ್ಲ ಸಂಗಣ್ಣನ ನಾಡಿ ಸಿಕ್ಕುತ್ತಿತ್ತು, ತಪ್ಪುತ್ತಿತ್ತು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬೆಳಗ್ಗೆ ಮಹಾದೇವಿ, ಮೂರು ವರ್ಷದ ಮಗಳನ್ನು ಪಕ್ಕದ ಶೆಡ್ಡಿನಲ್ಲಿ ಬಿಟ್ಟು ಬಂದಿದ್ದೇನೆ, ನೋಡಿ ಬಟ್ಟೆ ತರುತ್ತೇನೆ ಎಂದು ಹೋದಳು. ಹತ್ತು ಗಂಟೆಗೆ ನರ್ಸು ಪ್ಲೇಟ್ಲೆಟ್ ಬೇಕು, ರಕ್ತ ಕೊಡುವ ನಾಲ್ಕು ಮಂದಿಯನ್ನು ಕರೆದುಕೊಂಡು ಬಾ ಎಂದಳು. ಸಿದ್ರಾಮ ಸೈಟಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಬಸ್ಸು ಹಿಡಿದು ತಾನೇ ಬಂದ.

ಗೇಟಿನಲ್ಲಿ ದೇವರಾಜ್ ಸಿಕ್ಕ. ಸಂಗಣ್ಣ ಹೇಗಿದ್ದಾನೆ ಎಂದು ವಿಚಾರಿಸಿದ. ಒಳ್ಳೆಯ ಮನುಷ್ಯ, ಕೇಳಿದ್ದು ಸುಳ್ಳಲ್ಲ. ಆಮೇಲೆ, ಸಂಗಣ್ಣ ಮಲಗಿದಾಗಿನಿಂದ ಪಂಪಿನ ಹತ್ತಿರ ಜನ ಇಲ್ಲದೆ ನೀರು ಏರಿಬಿಟ್ಟಿತ್ತು, ಗಂಡಸರೆಲ್ಲ ಸ್ಲ್ಯಾಬಿನ ಮೇಲೆ ಬೇಕು, ಅದಕ್ಕೆ ನಿನ್ನ ಪಟ್ಟಿ ನೋಡಿ ಮುಂದಿನ ಹೆಸರನ್ನು ಕಳಿಸಿದ್ದೇನೆ ಎಂದ.

ಪಟ್ಟಿಯಲ್ಲಿ ಎರಡನೆಯ ಹೆಸರು ಮಹಾದೇವಿಯದು.

ಸಿದ್ರಾಮ ಇಳಿಜಾರಿನಲ್ಲಿ ಓಡಿದ. ಒಂದು ಬಲ್ಬಿನ ಬೆಳಕಿನಲ್ಲಿ ನೀರು ಮಿನುಗುತ್ತಿತ್ತು. ಅವಳು ಕಾಂಕ್ರೀಟಿನ ದಿಮ್ಮಿಯ ಮೇಲೆ ಕೂತಿದ್ದಳು, ಸೀರೆ ಮೊಣಕಾಲಿಗೆ ಸಿಕ್ಕಿಸಿ, ಪಾದ ನೀರಲ್ಲಿ ಬಿಟ್ಟು, ತೋಳು ಬರಿದು. ಪಂಪಿನ ಸದ್ದಿಗೆ ಅವನು ಕೂಗಿದ್ದು ಕೇಳಲಿಲ್ಲ. ಅವನು ಹೋಗಿ ಪಂಪಿನ ಸ್ವಿಚ್ಚು ಆರಿಸಿದ. ಒಮ್ಮೆಲೇ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಸೊಳ್ಳೆಗಳ ಗುಂಯ್ ಕೇಳಿಸಿತು.

“ಹೆಂಗದಾರ?” ಎಂದು ಅವಳು ಎದ್ದಳು.

“ಹಂಗ ಅದಾನ. ನೀ ಮ್ಯಾಲ ಬಾ.”

“ಬ್ಯಾಡಣ್ಣಾ. ಮಧ್ಯಾಹ್ನದ ತನಕ ಇರತೀನಿ. ಅವ್ರ ಕೆಲಸ ಬ್ಯಾರೆಯವ್ರಿಗೆ ಹೋಗೂದು ಬ್ಯಾಡ. ನನಗೇನಾಗತೈತಿ? ಮೊನ್ನೆ ಆಗಿ ಹೋಗೇತಿ. ನಿನ್ನ ಪಟ್ಟ್ಯಾಗ ನನ್ನ ಹೆಸರ ಐತಿ.”

ಅವಳು ಅದನ್ನು ಹೇಳಿದ ರೀತಿ, ಅಂಗಳದಲ್ಲಿ ಅಜ್ಜಿ ಕಲೆ ಹುಡುಕುವಾಗ ಅವನು ಹುಬ್ಬು ತೋರಿಸಿದ ರೀತಿಯೇ. ಅವಳ ತೋಳಿನ ಮೇಲೆ ಎರಡು ಸೊಳ್ಳೆ ಕೂತಿದ್ದವು. ಅವಳು ಓಡಿಸಿರಲಿಲ್ಲ.

ಸಿದ್ರಾಮ ಅವಳ ತೋಳನ್ನು ಒರೆಸಿದ. ಆಮೇಲೆ ಹೇಳಿದ. ನಾಲ್ಕು ಥರ ಇರುವುದು, ಮೈ ಅರ್ಧ ಗುರುತು ಹಿಡಿದು ಮೋಸ ಹೋಗುವುದು, ಮೊದಲು ಬಂದವರೇ ಹೆಚ್ಚು ಅಪಾಯದಲ್ಲಿರುವುದು. ಡಾಕ್ಟರು ಹೇಳಿದ ಕ್ರಮದಲ್ಲೇ, ಪಾಠ ಒಪ್ಪಿಸಿದ ಹಾಗೆ. ಅವಳು ನೀರಲ್ಲಿ ನಿಂತೇ ಕೇಳಿದಳು.

“ಹಂಗಾರ ಎಂಜಿನಿಯರ್ ಅವ್ರನ್ನ ಇಲ್ಲಿಗೆ ಕಳಿಸಿದ್ದು...”

“ಎಂಜಿನಿಯರ್ ಅಲ್ಲ. ನಾನ. ಮಾಮಾ ಬ್ಯಾಡ ಅಂದ. ನಾನ ಒಪ್ಪಿಸಿದೆ. ಸೊಳ್ಳಿಬತ್ತೀನೂ ನಾನ ನಿಲ್ಲಿಸಿದೆ.”

ನೀರಿನ ಮೇಲೆ ತೇಲುತ್ತಿದ್ದ ಮರದ ಚೂರೊಂದು ಬಂದು ಅವಳ ಕಾಲಿಗೆ ತಾಗಿ ನಿಂತಿತು.

“ಡಾಕ್ಟರ್ ಇದನ್ನ ನಿನಗ ಯಾವಾಗ ಹೇಳಿದ್ಲು?”

“ನಿನ್ನೆ.”

“ನಿನ್ನೆ ನಾ ಕೇಳೂಕಿಂತ ಮೊದಲ?”

“ಹೂಂ.”

ಅವಳು ಸೀರೆ ಇಳಿಬಿಟ್ಟು ಇಳಿಜಾರು ಹತ್ತಿದಳು. ಪಂಪು ಮತ್ತೆ ಹಚ್ಚಲು ಯಾರೂ ಇರಲಿಲ್ಲ. ಸಿದ್ರಾಮ ತಾನೇ ಹಚ್ಚಿ, ಬಂದು ಹೋದವರನ್ನು ಇನ್ನು ಇಳಿಸಬೇಡಿ ಎಂದು ದೇವರಾಜನಿಗೆ ಹೇಳಿ, ರಕ್ತ ಕೊಡಲು ನಾಲ್ವರನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟ. ಹೋಗುವ ಮೊದಲು ಸ್ಟೋರ್ ರೂಮಿನಿಂದ ಕಬ್ಬಿಣಕ್ಕೆ ಬಳಿಯುವ ಕೆಂಪು ಬಣ್ಣ ತೆಗೆದು ಬಾಗಿಲಿನ ಪಟ್ಟಿಯ ಮೇಲೆ ಬಳಿದ. ಮುದಕಪ್ಪ ಓಡಿಬಂದ. ನಮ್ಮ ಹೆಸರು ಯಾಕೆ ಅಳಿಸುತ್ತೀ, ನಾವು ಬಚಾವಾದವರು, ಸುಮ್ಮನೆ ಇದ್ದರೂ ಇರಲಿ ಎಂದು ಅವನ ಜಗಳ. ಸಿದ್ರಾಮ ವಿವರಿಸಿದ. ಮುದಕಪ್ಪ ಒಪ್ಪಲಿಲ್ಲ. ಎರಡು ವಾರದ ಹಿಂದೆ ಹೇಳಿದ್ದಕ್ಕೆ ಪೂರ್ತಿ ವಿರುದ್ಧವಾಗಿ ಈಗ ಅದೇ ಬಾಯಿಂದ ಹೇಳಿದರೆ ಯಾರು ಒಪ್ಪುತ್ತಾರೆ?

ಸಂಗಣ್ಣ ಉಳಿದ. ಮೂರನೆಯ ದಿನ ನಾಡಿ ನಿಂತಿತು ಎಂದುಕೊಂಡದ್ದು ನಿಲ್ಲಲಿಲ್ಲ, ಐದನೆಯ ದಿನ ಉಚ್ಚೆ ಸರಿಯಾಗಿ ಹೋಯಿತು, ಒಂಬತ್ತನೆಯ ದಿನ ಬಿಡುಗಡೆ ಮಾಡಿದರು. ಹನ್ನೆರಡು ಕೇಜಿ ಇಳಿದಿದ್ದ. ನಡೆದರೆ ಗೋಡೆ ಹಿಡಿಯುತ್ತಿದ್ದ. ಅಷ್ಟು ದಿನವೂ ಮಹಾದೇವಿ ಅಣ್ಣ ತಂದ ಊಟವನ್ನು ತೆಗೆದುಕೊಂಡಳು, ಗಂಡನಿಗೆ ತಿನ್ನಿಸಿದಳು, ಅಣ್ಣನ ಮುಖ ನೋಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಈಗ ಎರಡು ಕಾಗದವಾಗಿತ್ತು. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

ಅವರು ಊರಿಗೆ ಹೊರಟ ದಿನ ಅವನು ಟ್ರಂಕು ಎತ್ತಲು ಹೋದ. ಸಂಗಣ್ಣ ಬಿಟ್ಟುಕೊಡುತ್ತಿದ್ದ. ಮೇಸ್ತ್ರಿ, ಸೊಳ್ಳಿಗೆ ಗೊತ್ತಿತ್ತಲ್ಲೋ ಎಂದು ನಗಲೂ ನೋಡಿದ. ಮಹಾದೇವಿ ಟ್ರಂಕಿನ ಹಿಡಿಯನ್ನು ತಾನೇ ಹಿಡಿದಳು.

“ನೀ ಬಸ್ ಸ್ಟ್ಯಾಂಡಿಗೆ ಬರಬ್ಯಾಡ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನನಗ ಅಮ್ಮ ಆದಾಗ ಹನ್ನೊಂದು ದಿನ ಬಾಜೂಕ ಕುಂತಿದ್ದಿ. ಅದು ನನಗ ನೆಪ್ಪೈತಿ. ಇದೂ ನೆಪ್ಪಿರತೈತಿ.”

ಸಿದ್ರಾಮ ಗೇಟಿನ ಒಳಗೇ ನಿಂತ.

ಅವತ್ತು ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಪಂಪಿನ ಹತ್ತಿರ ಅವನೇ ಇದ್ದ. ಅವನಿಗೆ ಎಂದೂ ಡೆಂಗ್ಯೂ ಬಂದಿರಲಿಲ್ಲ, ಹೊಸ ಲೆಕ್ಕದ ಪ್ರಕಾರ ಇಳಿಯಬೇಕಾದವನು ಅವನೇ. ಉದ್ದ ತೋಳಿನ ಅಂಗಿ, ಕಾಲಿಗೆ ಗೋಣಿ, ಸುತ್ತ ನಾಲ್ಕು ಬತ್ತಿ. ದೇವರಾಜ್ ಇಳಿಜಾರಿನ ಮೇಲೆ ನಿಂತು, ಮೇಸ್ತ್ರಿಯಾದವನು ಇಲ್ಲಿ ಕೂತರೆ ಸ್ಲ್ಯಾಬು ಯಾರು ನೋಡುತ್ತಾರೆ ಎಂದು ಗೊಣಗಿದ. ಪಟ್ಟಿ ಅಳಿಸಿದ್ದು ತಪ್ಪಾಯಿತು ಎಂದ. ಡಾಕ್ಟರುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಿನ್ನ ಸಿಸ್ಟಂ ಮಾರ್ಚಿನಲ್ಲಿ ಕೆಲಸ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ ಎಂದ. ಆಮೇಲೆ ಸಮಾಧಾನ ಮಾಡುವ ಹಾಗೆ ಹೇಳಿದ:

“ಅಲ್ಲಾ ಗುರು, ಅಷ್ಟು ಬೇಜಾರು ಮಾಡ್ಕೋಬೇಡ. ಸಿಂಗಸಂದ್ರದಲ್ಲಿ ನಮ್ದು ಇನ್ನೊಂದು ಸೈಟ್ ಇದೆಯಲ್ಲ, ಅಲ್ಲೂ ಇದೇ ಪ್ರಾಬ್ಲಂ ಇತ್ತು. ನಿನ್ನ ಪಟ್ಟಿ ಫೋಟೋ ಕಳಿಸಿ ಹಾಗೇ ಹಾಕ್ಸಿದೀನಿ. ಹತ್ತು ದಿನ ಆಯ್ತು, ಒಬ್ಬರೂ ಕಂಪ್ಲೇಂಟ್ ಮಾಡಿಲ್ಲ.”

ಸಿದ್ರಾಮ ದಿನ ಎಣಿಸಿದ. ಹತ್ತು. ಸಂಗಣ್ಣನಿಗೆ ಹನ್ನೆರಡಕ್ಕೆ ಜ್ವರ ಬಂದಿತ್ತು.

ಅಲ್ಲಿಯ ಮೇಸ್ತ್ರಿಗೆ ಫೋನು ಮಾಡಿಸಿ ಎಂದು ಕೇಳಿದ. ದೇವರಾಜ್ ಸಂಜೆ ನೋಡೋಣ ಎಂದ. ಸಿದ್ರಾಮ ಪಂಪು ಬಿಟ್ಟು ಮೇಲೆ ಬಂದ. ಸ್ಟೋರ್ ರೂಮಿನಿಂದ ಕೆಂಪು ಬಣ್ಣದ ಸಣ್ಣ ಡಬ್ಬಿ, ಒಂದು ಬ್ರಷ್ಷು ತೆಗೆದು ಚೀಲಕ್ಕೆ ಹಾಕಿಕೊಂಡ. ಹೋದರೆ ನಾಳೆಯಿಂದ ಬರೋದು ಬೇಡ ಎಂದು ದೇವರಾಜ್ ಹಿಂದಿನಿಂದ ಹೇಳಿದ್ದು ಕೇಳಿಸಿತು. ಹೇಳಿದ್ದನ್ನು ಮಾಡುವವನಲ್ಲ, ಮಾಡಿದರೂ ಮಾಡಬಹುದು.

ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಬದಲಿಸಿ, ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಬಿಟ್ಟ ಹೆಂಗಸರ ನಡುವೆ ಒಂದು ಕಾಲಲ್ಲಿ ನಿಂತು, ಸಿಂಗಸಂದ್ರ ಮುಟ್ಟುವಾಗ ಐದೂವರೆ. ಸೈಟಿನ ಕಾವಲುಗಾರ ಯಾರು ಬೇಕು ಎಂದ. ಪಂಪಿನವರು ಎಂದ ಸಿದ್ರಾಮ. ಚೀಲದಲ್ಲಿ ಬಣ್ಣದ ಡಬ್ಬಿ ನೋಡಿ ಪೇಂಟರ್ ಎಂದುಕೊಂಡು ಅವನು ಒಳಗೆ ಬಿಟ್ಟ.

ಇಲ್ಲಿಯೂ ತಗಡಿನ ಬಾಗಿಲೇ. ‘ಡೆಂಗ್ಯೂ ಬಂದು ಹೋದವರು’. ಮಾತು ಅವನದೇ, ಕೆಳಗಿನ ಗೀಟೂ ಅವನದೇ, ಅಕ್ಷರ ಬೇರೆ ಯಾರದೋ, ಸೊಟ್ಟಗೆ. ಐದು ಹೆಸರಿದ್ದವು. ಒಬ್ಬರೂ ಅವನಿಗೆ ಗೊತ್ತಿರಲಿಲ್ಲ.

ಬ್ರಷ್ಷು ಹೊರಗೆ ತೆಗೆದ. ಮತ್ತೆ ಚೀಲಕ್ಕೆ ಹಾಕಿದ. ಅಳಿಸಿಬಿಟ್ಟರೆ ಸೊಳ್ಳೆಯಿಂದ ದೂರ ಇಡಬೇಕಾದವರು ಯಾರು ಎಂದು ಯಾರಿಗೂ ತಿಳಿಯುವುದಿಲ್ಲ. ಕೆಲಸ ಮುಗಿಸಿ ಕೈಕಾಲು ತೊಳೆಯುತ್ತಿದ್ದವರು ತಿರುಗಿ ನೋಡುತ್ತಿದ್ದರು. ಅವನು ಬಾಗಿಲಿಗೆ ಬೆನ್ನು ಮಾಡಿ ನಿಂತು, ಮೊದಲನೆಯ ಹೆಸರನ್ನು ಗಟ್ಟಿಯಾಗಿ ಕೂಗಿದ.

“ಹನುಮಂತಯ್ಯ ಅಂದ್ರ ಯಾರ್ರಿ?”

ನಲ್ಲಿಯ ಹತ್ತಿರದಿಂದ ಒಬ್ಬ ಮುದುಕ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಬಂದ. ಏನಪ್ಪಾ, ನಾನೇ ಎಂದ. ಸಿದ್ರಾಮ ಅವನ ಕೈ ಹಿಡಿದು ಬಿಸಿ ಇದೆಯೇ ಎಂದು ನೋಡಿದ. ತನ್ನ ಕೈಯೇ ತಣ್ಣಗಿತ್ತು, ಗೊತ್ತಾಗಲಿಲ್ಲ.

“ಈ ಪಟ್ಟಿ ಮೊದಲು ಬರದವ ನಾನ್ರಿ ಯಜಮಾನ್ರ,” ಎಂದ. “ಕುಂಡ್ರಿ, ಹೇಳತೀನಿ.”